ಆಟಗಾರರನ್ನು ಕೇಳದೆ ಹಾಕಿದ ಮಿತಿಗೆ ಕಾನೂನಿನ ರಕ್ಷಣೆ ಬೇಡ

ಅಮೆರಿಕದ ಸೆನೆಟ್‌ನ ವಾಣಿಜ್ಯ ಸಮಿತಿಯ ಅಧ್ಯಕ್ಷ ಟೆಡ್ ಕ್ರೂಜ್, ಆ ಸಮಿತಿಯ ಡೆಮಾಕ್ರಟಿಕ್ ಸದಸ್ಯರ ಮುಖ್ಯಸ್ಥೆ ಮರಿಯಾ ಕ್ಯಾಂಟ್‌ವೆಲ್ ಹಾಗೂ ಸಮಿತಿಯ ಎಲ್ಲ ಸದಸ್ಯರಿಗೆ,

ಮಾನ್ಯರೇ,

ಅಮೆರಿಕನ್ ಶೈಲಿಯ ಕಾಲೇಜು ಫುಟ್‌ಬಾಲ್‌ನ ಹಣದ ವಿಚಾರದಲ್ಲಿ, ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆ ಮತ್ತು ವಿಶ್ವವಿದ್ಯಾಲಯಗಳ ಗುಂಪುಗಳಾದ ದೊಡ್ಡ ಕಾನ್ಫರೆನ್ಸ್‌ಗಳು ನಿಮ್ಮ ಬಾಗಿಲಿಗೆ ಬಂದು ಕೇಳುತ್ತಿರುವುದು ಮುಖ್ಯವಾಗಿ ಒಂದೇ. ಆಟಗಾರರಿಗೆ ಎಷ್ಟು ಕೊಡಬಹುದು ಎಂದು ತಾವು ಹಾಕಿಕೊಂಡಿರುವ ಮಿತಿಯನ್ನು ಯಾರೂ ಕೋರ್ಟಿನಲ್ಲಿ ಪ್ರಶ್ನಿಸದಂತೆ ಏಕಸ್ವಾಮ್ಯ ವಿರೋಧಿ ಕಾನೂನಿನಿಂದ ತಮಗೆ ವಿನಾಯಿತಿ ಬೇಕು. 2025ರ ಜುಲೈನಲ್ಲಿ ಕೆಳಮನೆಯಲ್ಲಿ ಮಂಡನೆಯಾದ ಸ್ಕೋರ್ ಮಸೂದೆಯ ತಿರುಳೂ ಇದೇ. ಆಟಗಾರರನ್ನು ನೌಕರರೆಂದು ಪರಿಗಣಿಸಕೂಡದು, ರಾಜ್ಯಗಳ ಕಾನೂನು ಇದಕ್ಕೆ ಅಡ್ಡ ಬರಕೂಡದು ಎಂದೂ ಅದರಲ್ಲಿದೆ. ಗಾಯಕ್ಕೆ ಚಿಕಿತ್ಸೆ, ಪದವಿ ಮುಗಿಸಲು ನೆರವು ಮುಂತಾದ ಒಳ್ಳೆಯ ಅಂಶಗಳೂ ಇವೆ. ಅವುಗಳ ಬಗ್ಗೆ ನಮ್ಮ ತಕರಾರಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಮತಕ್ಕೆ ಹಾಕಲು ಹೊರಟವರು ಕೊನೆಗಳಿಗೆಯಲ್ಲಿ ಹಿಂದೆ ಸರಿದರು. ಅದೇ ಬೇಡಿಕೆ ಬೇರೆ ಹೆಸರಿನಲ್ಲಿ ನಿಮ್ಮ ಮುಂದೆ ಬಂದರೆ ಒಂದು ಷರತ್ತು ಹಾಕಿ ಎಂದು ಕೇಳಲು ಈ ಪತ್ರ: ಆಟಗಾರರ ಪ್ರತಿನಿಧಿಗಳು ಎದುರು ಕೂತು, ಚೌಕಾಸಿ ಮಾಡಿ, ಸಹಿ ಹಾಕಿದ ಒಪ್ಪಂದಕ್ಕೆ ಮಾತ್ರ ಆ ವಿನಾಯಿತಿ ಸಿಗಲಿ.

ಕನ್ನಡದಲ್ಲಿ ಬರೆಯಲು ಕಾರಣವಿದೆ. ಟೆಕ್ಸಾಸ್, ಕ್ಯಾಲಿಫೋರ್ನಿಯಾ, ಮಿಷಿಗನ್, ನಾರ್ತ್ ಕ್ಯಾರೊಲಿನಾಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಮಕ್ಕಳನ್ನು ಇದೇ ವಿಶ್ವವಿದ್ಯಾಲಯಗಳಿಗೆ ಕಳಿಸುತ್ತವೆ, ಹಲವೆಡೆ ಬೋಧನಾ ಶುಲ್ಕದ ಜೊತೆಗೇ ಕ್ರೀಡಾ ಶುಲ್ಕವನ್ನೂ ಕಟ್ಟುತ್ತವೆ. ನಿಮಗೆ ಮತ ಹಾಕುವವರಲ್ಲಿ ಅವರೂ ಇದ್ದಾರೆ. ಈ ಹಣ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದು ಅವರಿಗೂ ತಿಳಿದಿರಬೇಕು.

ಮೊದಲು ಆ ಮಿತಿಯ ಲೆಕ್ಕ. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಅವರು ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ಹೌಸ್ ಮೊಕದ್ದಮೆಯ ರಾಜಿಗೆ ಒಪ್ಪಿಗೆ ಕೊಟ್ಟರು. ಜುಲೈ 1ರಿಂದ ವಿಶ್ವವಿದ್ಯಾಲಯಗಳು ಇತಿಹಾಸದಲ್ಲಿ ಮೊದಲ ಬಾರಿಗೆ ಆಟಗಾರರಿಗೆ ನೇರವಾಗಿ ಹಣ ಕೊಡಲು ಶುರುಮಾಡಿದವು. 2025-26ನೇ ಸಾಲಿಗೆ ಒಂದು ವಿಶ್ವವಿದ್ಯಾಲಯ ಎಲ್ಲ ಕ್ರೀಡೆಗಳೂ ಸೇರಿ ಕೊಡಬಹುದಾದ ಗರಿಷ್ಠ ಮೊತ್ತ 2.05 ಕೋಟಿ ಡಾಲರ್. ಮುಂದಿನ ಎರಡು ವರ್ಷ ಶೇ. 4ರಂತೆ ಏರಿಕೆ, ಅಂದರೆ 2026-27ಕ್ಕೆ ಸುಮಾರು 2.13 ಕೋಟಿ, ಆಮೇಲೆ ಮೂರು ವರ್ಷಕ್ಕೊಮ್ಮೆ ಮರುಲೆಕ್ಕ. ರಾಜಿಯ ಅವಧಿ 10 ವರ್ಷ.

ಇದು ಆದಾಯದ ಶೇ. 22 ಎಂದು ಎಲ್ಲೆಡೆ ಹೇಳಲಾಗುತ್ತಿದೆ. ಯಾವ ಆದಾಯದ ಶೇ. 22 ಎಂಬುದನ್ನು ಬಿಡಿಸಿ ನೋಡಿ. ಟಿವಿ ಹಕ್ಕು, ಟಿಕೆಟ್, ಪ್ರಾಯೋಜಕತ್ವ, ಸೀಸನ್ ಕೊನೆಯ ಬೌಲ್ ಪಂದ್ಯಗಳ ಗಳಿಕೆ ಹೀಗೆ ಆಯ್ದ ಕೆಲವು ಬಾಬ್ತುಗಳನ್ನು ಮಾತ್ರ ಕೂಡಿದ್ದಾರೆ. ಹಳೆಯ ವಿದ್ಯಾರ್ಥಿಗಳು ಮತ್ತು ಸಿರಿವಂತ ಅಭಿಮಾನಿಗಳು ಕೊಡುವ ದೇಣಿಗೆ ಆ ಲೆಕ್ಕದಲ್ಲಿಲ್ಲ. ಕ್ರೀಡಾಂಗಣದಲ್ಲಿ ಒಳ್ಳೆಯ ಆಸನ ಬೇಕಾದರೆ ಮೊದಲು ಇಷ್ಟು ದೇಣಿಗೆ ಕೊಡಿ ಎಂದು ಕಾಯ್ದಿರಿಸುವ ಪದ್ಧತಿ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯ. ಆ ಹಣ ದೇಣಿಗೆ ಎಂಬ ಶೀರ್ಷಿಕೆಯಡಿ ಹೋಗುವುದರಿಂದ ಆಟಗಾರರ ಪಾಲಿನ ಲೆಕ್ಕಕ್ಕೆ ಸಿಗುವುದಿಲ್ಲ. ಆಯ್ದ ಆ ಬಾಬ್ತುಗಳಿಂದ ಬಂದ ಮೊತ್ತವನ್ನು ದೊಡ್ಡ ಕಾನ್ಫರೆನ್ಸ್‌ಗಳ ಎಲ್ಲ ವಿಶ್ವವಿದ್ಯಾಲಯಗಳಿಗೂ ಸರಾಸರಿ ಮಾಡಿ, ಆ ಸರಾಸರಿಯ ಶೇ. 22 ತೆಗೆದಿದ್ದಾರೆ. ಹೀಗಾಗಿ ವರ್ಷಕ್ಕೆ 25 ಕೋಟಿ ಡಾಲರ್‌ಗೂ ಹೆಚ್ಚು ಕ್ರೀಡಾ ಆದಾಯವಿರುವ ಒಹಾಯೊ ಸ್ಟೇಟ್‌ಗೂ ಅದರ ಅರ್ಧವೂ ಇಲ್ಲದ ವಿಶ್ವವಿದ್ಯಾಲಯಕ್ಕೂ ಒಂದೇ ಮಿತಿ. ಒಹಾಯೊ ಸ್ಟೇಟ್‌ನ ಮಟ್ಟಿಗೆ ಹೇಳುವುದಾದರೆ ಆಟಗಾರರ ಪಾಲು ಒಟ್ಟು ಆದಾಯದ ಸುಮಾರು ಶೇ. 8. ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ 2020ರ ಒಪ್ಪಂದದ ಪ್ರಕಾರ ಆಟಗಾರರಿಗೆ ಸಿಗುವುದು ಕನಿಷ್ಠ ಶೇ. 48. ಅಲ್ಲಿಯೂ ಮಿತಿಯಿದೆ, ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಲಾಗದು. ಕಾರಣ ಆ ಮಿತಿಗೆ ಆಟಗಾರರ ಯೂನಿಯನ್ ಮತ ಹಾಕಿ ಒಪ್ಪಿದೆ. ಈ ದೇಶದ ಕಾರ್ಮಿಕ ಕಾನೂನು ಹತ್ತಾರು ವರ್ಷಗಳಿಂದ ಹೇಳುತ್ತಿರುವುದು ಇದನ್ನೇ: ಎರಡೂ ಕಡೆಯವರು ಚೌಕಾಸಿ ಮಾಡಿ ಒಪ್ಪಿದ ಸಂಬಳದ ಮಿತಿಗೆ ರಕ್ಷಣೆಯುಂಟು, ಒಂದೇ ಕಡೆಯವರು ಕೂಡಿ ಹಾಕಿದ ಮಿತಿಗೆ ಇಲ್ಲ. ಹೌಸ್ ರಾಜಿ ಈ ಎರಡರ ನಡುವೆ ಎಲ್ಲೋ ನಿಂತಿದೆ. ವಕೀಲರು ಮಾತಾಡಿದ್ದಾರೆ, ನ್ಯಾಯಾಧೀಶರು ಒಪ್ಪಿದ್ದಾರೆ. ಆದರೆ ಇದಕ್ಕೆ ಬದ್ಧರಾಗಬೇಕಾದ ಆಟಗಾರರು ಮತ ಹಾಕಿಲ್ಲ. ಅವರಲ್ಲಿ ಅನೇಕರು ಇನ್ನೂ ಪ್ರಾಥಮಿಕ ಶಾಲೆಯಲ್ಲಿದ್ದಾರೆ.

ಇನ್ನು ಆ 2.05 ಕೋಟಿ ಒಬ್ಬೊಬ್ಬ ಆಟಗಾರನಿಗೆ ಹೇಗೆ ತಲುಪುತ್ತದೆ ನೋಡಿ. ಹೊಸದಾಗಿ ಕೊಡುವ ಸ್ಕಾಲರ್‌ಶಿಪ್‌ಗಳಲ್ಲಿ 25 ಲಕ್ಷ ಡಾಲರ್‌ವರೆಗೆ ಇದೇ ಮಿತಿಯೊಳಗೆ ಲೆಕ್ಕವಾಗುತ್ತದೆ. ಅದನ್ನು ಕಳೆದರೆ 1.8 ಕೋಟಿ. ಅನೇಕ ವಿಶ್ವವಿದ್ಯಾಲಯಗಳು ಹಿಡಿದಿರುವ ಅನುಪಾತ ಹೀಗಿದೆ: ಫುಟ್‌ಬಾಲ್‌ಗೆ ಶೇ. 75, ಪುರುಷರ ಬ್ಯಾಸ್ಕೆಟ್‌ಬಾಲ್‌ಗೆ 15, ಮಹಿಳೆಯರ ಬ್ಯಾಸ್ಕೆಟ್‌ಬಾಲ್‌ಗೆ 5, ಉಳಿದೆಲ್ಲಕ್ಕೂ 5. ಫುಟ್‌ಬಾಲ್‌ಗೆ 1.35 ಕೋಟಿ ಬಂತು. ತಂಡದ ಗಾತ್ರ ಈಗ ಗರಿಷ್ಠ 105. ಸಮನಾಗಿ ಹಂಚಿದರೆ ತಲೆಗೆ 1,28,571 ಡಾಲರ್. ಯಾರೂ ಸಮನಾಗಿ ಹಂಚುವುದಿಲ್ಲ. ಚೆಂಡೆಸೆದು ದಾಳಿ ನಡೆಸುವ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಒಬ್ಬನಿಗೇ ಹತ್ತು ಲಕ್ಷ ದಾಟುತ್ತದೆ. ಅವನ ಎಡಗಡೆ ಕಾಯುವ ಟ್ಯಾಕಲ್, ಎದುರಾಳಿ ಕ್ವಾರ್ಟರ್‌ಬ್ಯಾಕ್‌ನ ಮೇಲೆ ನುಗ್ಗುವವರು, ಅವನೆಸೆದ ಚೆಂಡು ಹಿಡಿಯುವ ಒಳ್ಳೆಯ ರಿಸೀವರ್‌ಗಳು ಕೆಲವು ಲಕ್ಷ ಪಡೆಯುತ್ತಾರೆ. ಪಟ್ಟಿಯ ಕೆಳಗಿನವರಿಗೆ ಉಳಿಯುವುದು ಚೂರುಪಾರು, ಕೆಲವರಿಗೆ ಏನೂ ಇಲ್ಲ. ಪ್ರತಿಭೆಗೆ ತಕ್ಕ ಬೆಲೆ ಎಂಬುದನ್ನು ನಾವು ಒಪ್ಪುತ್ತೇವೆ. ಆದರೆ ಎನ್‌ಎಫ್‌ಎಲ್‌ನಲ್ಲಿ ತಂಡದ ಕೊನೆಯ ಆಟಗಾರನಿಗೂ ಇಂತಿಷ್ಟು ಎಂಬ ಕನಿಷ್ಠ ಸಂಬಳವಿದೆ, ಅದು ಚೌಕಾಸಿಯಿಂದ ಬಂದದ್ದು. ಇಲ್ಲಿ ಮೇಲಿನ ಮಿತಿಯಿದೆ, ಕೆಳಗಿನ ಮಿತಿಯೇ ಇಲ್ಲ.

ಕೈಗೆ ಬಂದದ್ದರಲ್ಲಿ ತೆರಿಗೆ ಎಷ್ಟು? ಆಟಗಾರ ನೌಕರನಲ್ಲ ಎಂಬ ಪಟ್ಟಿನಿಂದಾಗಿ ಈ ಹಣವನ್ನು ಸಾಮಾನ್ಯವಾಗಿ ಸ್ವತಂತ್ರ ಗುತ್ತಿಗೆದಾರನಿಗೆ ಕೊಟ್ಟಂತೆ 1099 ನಮೂನೆಯಲ್ಲಿ ತೋರಿಸುತ್ತಾರೆ. ಸ್ವಉದ್ಯೋಗ ತೆರಿಗೆ ಶೇ. 15.3, ನಿವ್ವಳ ಗಳಿಕೆಯ ಶೇ. 92.35ರ ಮೇಲೆ. ಮೇಲಿನ ಸರಾಸರಿ ಆಟಗಾರನಿಗೆ, ಖರ್ಚೇನೂ ಕಳೆಯದಿದ್ದರೆ, ಸುಮಾರು 18,166 ಡಾಲರ್. ಅದೇ ಅವನು ನೌಕರನಾಗಿದ್ದರೆ ಅವನ ಪಾಲು ಶೇ. 7.65, ಅಂದರೆ ಸುಮಾರು 9,836, ಉಳಿದರ್ಧ ಮಾಲೀಕರದು. ಆದಾಯ ತೆರಿಗೆ ಇದರ ಮೇಲೆ ಬೇರೆ. ತಿಂಗಳು ತಿಂಗಳು ಯಾರೂ ಹಿಡಿದಿಟ್ಟುಕೊಳ್ಳುವುದಿಲ್ಲ. ಏಪ್ರಿಲ್ 15, ಜೂನ್ 15, ಸೆಪ್ಟೆಂಬರ್ 15, ಜನವರಿ 15ಕ್ಕೆ ತಾನೇ ಅಂದಾಜು ಮಾಡಿ ಕಟ್ಟಬೇಕು. ಸೆಪ್ಟೆಂಬರ್ 15 ಎಂದರೆ ಸೀಸನ್‌ನ ಮೂರನೇ ವಾರದ ಆಸುಪಾಸು. ಹತ್ತೊಂಬತ್ತು ವರ್ಷದ ಹುಡುಗ ಇದನ್ನು ಮರೆತರೆ ಬಡ್ಡಿ, ದಂಡ ಅವನ ತಲೆಗೆ. ಬಡ ಕುಟುಂಬದ ಹುಡುಗನಾದರೆ ಈ ಆದಾಯದಿಂದ ಬಡ ವಿದ್ಯಾರ್ಥಿಗಳಿಗೆ ಸರ್ಕಾರ ಕೊಡುವ ಪೆಲ್ ಅನುದಾನದ ಅರ್ಹತೆಯೂ ಹೋಗಬಹುದು. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಬಂದ ವಿದೇಶಿ ಆಟಗಾರರದು ಇನ್ನೊಂದು ಸಂಕಟ: ಇಂಥ ಹಣ ಪಡೆದರೆ ವೀಸಾಕ್ಕೆ ಧಕ್ಕೆಯಾದೀತೆಂಬ ಭಯ. ಅವರ ಬಗ್ಗೆ ರಾಜಿಯಲ್ಲಿ ಪರಿಹಾರವಿಲ್ಲ. ಅದು ನೀವೇ ಮಾಡಬೇಕಾದ ಕಾನೂನು.

ಒಪ್ಪಂದದ ಕಾಗದಗಳ ಬಗ್ಗೆ ನಿಮ್ಮ ಸಮಿತಿ ವಿಶೇಷ ಗಮನ ಕೊಡಬೇಕು. ಜಾರ್ಜಿಯಾ ವಿಶ್ವವಿದ್ಯಾಲಯದ ಕ್ರೀಡಾ ಸಂಘದ ಪ್ರಕರಣವನ್ನು ತೆಗೆದುಕೊಳ್ಳಿ. ಆಟಗಾರನೊಬ್ಬ 2024ರ ಡಿಸೆಂಬರಿನಲ್ಲಿ ಅಲ್ಲಿನ ಅಭಿಮಾನಿಗಳು ಆಟಗಾರರಿಗೆ ಹಣ ಕೊಡಲು ಕಟ್ಟಿಕೊಂಡ ಕಲೆಕ್ಟಿವ್ ಜೊತೆ 14 ತಿಂಗಳಿಗೆ 5 ಲಕ್ಷ ಡಾಲರ್‌ಗೆ ಸಹಿ ಹಾಕಿದ. ಕೆಲವೇ ವಾರಗಳಲ್ಲಿ ತಂಡ ಬದಲಿಸಲು ಹೆಸರು ನೋಂದಾಯಿಸುವ ಟ್ರಾನ್ಸ್‌ಫರ್ ಪೋರ್ಟಲ್ ಮೂಲಕ ಮಿಸ್ಸೂರಿ ವಿಶ್ವವಿದ್ಯಾಲಯ ಸೇರಿದ. ಅಷ್ಟರಲ್ಲಿ ಅವನ ಕೈಗೆ ಬಂದಿದ್ದದ್ದು 30,000. ಸಂಘ ಅವನಿಂದ ಕೇಳಿದ್ದು 3,90,000 ಡಾಲರ್, ಅದೂ ಒಂದೇ ಕಂತಿನಲ್ಲಿ. ಆಟಗಾರ ತಿರುಗಿ ದಾವೆ ಹೂಡಿದ್ದಾನೆ. ತೀರ್ಪು ಏನೇ ಬರಲಿ, ಆ ಷರತ್ತಿನ ಆಕಾರವನ್ನು ನೋಡಿ: ಬಿಟ್ಟು ಹೋದರೆ ಪಡೆದದ್ದಕ್ಕಿಂತ 13 ಪಟ್ಟು ಕಟ್ಟಬೇಕು. ಇದರ ಪಕ್ಕದಲ್ಲಿ ಟೆಕ್ಸಾಸ್ ಎ ಅಂಡ್ ಎಂ 2023ರ ನವೆಂಬರಿನಲ್ಲಿ ಕೋಚ್ ಜಿಂಬೊ ಫಿಶರ್ ಅವರನ್ನು ತೆಗೆದಾಗ ಏನಾಯಿತೆಂಬುದನ್ನು ಇಟ್ಟು ನೋಡಿ. ವಿಶ್ವವಿದ್ಯಾಲಯ ಅವರಿಗೆ ಕೊಡಬೇಕಾಗಿ ಬಂದದ್ದು 7.5 ಕೋಟಿ ಡಾಲರ್‌ಗೂ ಹೆಚ್ಚು. ಅಷ್ಟು ಹಣದಲ್ಲಿ ಇಂದಿನ ಮಿತಿಯ ಪ್ರಕಾರ ಇಡೀ ವಿಶ್ವವಿದ್ಯಾಲಯದ ಎಲ್ಲ ಆಟಗಾರರಿಗೆ ಮೂರು ವರ್ಷಕ್ಕಿಂತ ಹೆಚ್ಚು ಕಾಲ ಪಾಲು ಕೊಡಬಹುದಿತ್ತು. ಕೋಚ್‌ಗಳ ಸಂಬಳಕ್ಕೂ, ಅವಧಿಗೆ ಮುನ್ನ ತೆಗೆದಾಗ ಕೊಡುವ ಬೈಔಟ್‌ಗೂ ಮಿತಿಯೇ ಇಲ್ಲ. ಆಟಗಾರರಿಗೆ ಮಿತಿ ಹಾಕದಿದ್ದರೆ ವಿಶ್ವವಿದ್ಯಾಲಯಗಳು ದಿವಾಳಿಯಾಗುತ್ತವೆ ಎಂದು ನಿಮ್ಮ ಮುಂದೆ ಸಾಕ್ಷ್ಯ ಹೇಳುವವರನ್ನು ಈ ಒಂದು ವಿಷಯ ಕೇಳಿ.

ಆಟಗಾರರು ಸುಲಭವಾಗಿ ತಂಡ ಬದಲಿಸುವುದರಿಂದ ಅಸ್ಥಿರತೆ ಬಂದಿದೆ ಎಂಬ ದೂರಿನಲ್ಲಿ ಸತ್ಯವಿದೆ. ವರ್ಷಕ್ಕೊಂದು ವಿಶ್ವವಿದ್ಯಾಲಯ ಬದಲಿಸಿದರೆ ಓದು ಹಾಳಾಗುತ್ತದೆ, ಒಂದು ಕಡೆಯ ಕ್ರೆಡಿಟ್ ಇನ್ನೊಂದು ಕಡೆ ಪೂರ್ತಿ ಒಪ್ಪುವುದಿಲ್ಲ, ಪದವಿ ತಡವಾಗುತ್ತದೆ. ಆದರೆ ಈ ಅಸ್ಥಿರತೆಗೆ ಒಪ್ಪಂದದ ಅವಧಿಯೇ ಕಾರಣ. ಒಂದು ವರ್ಷದ ಕಾಗದಕ್ಕೆ ಒಂದು ವರ್ಷದ ನಿಷ್ಠೆ. ಎರಡು ಅಥವಾ ಮೂರು ವರ್ಷದ ಒಪ್ಪಂದ, ಗಾಯವಾದರೂ ನಿಲ್ಲದ ಪಾವತಿ, ಕೋಚ್ ಹೊರಟುಹೋದರೆ ಆಟಗಾರನಿಗೂ ಹೊರಡುವ ಸ್ವಾತಂತ್ರ್ಯ, ಬಿಟ್ಟು ಹೋದವನು ಪಡೆದ ಹಣಕ್ಕೆ ಅನುಗುಣವಾಗಿ ಮಾತ್ರ ಹಿಂದಿರುಗಿಸುವುದು: ಇವೆಲ್ಲ ಚೌಕಾಸಿಯಲ್ಲಿ ಒಂದಕ್ಕೊಂದು ಬದಲಾಗಿ ಕೊಟ್ಟು ತೆಗೆದುಕೊಳ್ಳುವ ಅಂಶಗಳು. ಬೇರೆಲ್ಲ ಕ್ರೀಡಾ ಲೀಗ್‌ಗಳಲ್ಲೂ ಸ್ಥಿರತೆ ಬಂದಿರುವುದು ಇದೇ ದಾರಿಯಲ್ಲಿ.

ಮಿತಿಯನ್ನು ಕಾಯಲು ಹುಟ್ಟಿಕೊಂಡ ಕಾಲೇಜ್ ಸ್ಪೋರ್ಟ್ಸ್ ಕಮಿಷನ್‌ನ ಕಷ್ಟಗಳೂ ಇದೇ ಪಾಠ ಹೇಳುತ್ತವೆ. ಹೊರಗಿನವರು ಆಟಗಾರನ ಹೆಸರು, ಚಿತ್ರ ಬಳಸಿಕೊಂಡು ಕೊಡುವ 600 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಪ್ರತಿ ಒಪ್ಪಂದವನ್ನೂ ಡೆಲಾಯ್ಟ್ ನಡೆಸುವ ಎನ್‌ಐಎಲ್ ಗೋ ಎಂಬ ಜಾಲದಲ್ಲಿ ದಾಖಲಿಸಬೇಕು. ಕೊಡುವವರು ವಿಶ್ವವಿದ್ಯಾಲಯಕ್ಕೆ ನಂಟಿರುವವರಾದರೆ ಎರಡು ಪರೀಕ್ಷೆ: ನಿಜವಾದ ವ್ಯಾಪಾರದ ಉದ್ದೇಶ ಇದೆಯೇ, ಮೊತ್ತ ಆಟಗಾರನ ಮಾರುಕಟ್ಟೆ ಬೆಲೆಗೆ ಹೊಂದುತ್ತದೆಯೇ. ಮಿತಿಯ ಹೊರಗಿನಿಂದ ಅಭಿಮಾನಿಗಳು ಸಂಬಳ ತುಂಬುವುದನ್ನು ತಡೆಯಲು ಮಾಡಿದ ಏರ್ಪಾಡು ಇದು, ಉದ್ದೇಶ ಅರ್ಥವಾಗುವಂಥದ್ದೇ. ಆದರೆ ಮುಂಚೂಣಿಯಲ್ಲಿ ನಿಂತು ಎದುರಾಳಿಗಳನ್ನು ತಡೆಯುವ ಒಬ್ಬ ಲೈನ್‌ಮನ್‌ನ ಜಾಹೀರಾತಿನ ಮಾರುಕಟ್ಟೆ ಬೆಲೆ ಎಷ್ಟು? ಅವನ ಹೆಸರಿಗೆ ಹಿಂದೆ ಯಾವ ಮುಕ್ತ ಮಾರುಕಟ್ಟೆಯೂ ಇರಲಿಲ್ಲ, ಹೋಲಿಸಲು ಅಳತೆಗೋಲೇ ಇಲ್ಲ. 2025ರ ಜುಲೈನಲ್ಲಿ ಕಲೆಕ್ಟಿವ್‌ಗಳ ಒಪ್ಪಂದಗಳನ್ನು ತಿರಸ್ಕರಿಸುತ್ತೇವೆಂದು ಹೊರಟ ಕಮಿಷನ್, ಆಟಗಾರರ ವಕೀಲರು ತಕರಾರೆತ್ತಿದ ಮೇಲೆ ಅದೇ ತಿಂಗಳ ಕೊನೆಗೆ ನಿಲುವು ಸಡಿಲಿಸಬೇಕಾಯಿತು. ನವೆಂಬರಿನಲ್ಲಿ, ಕಮಿಷನ್‌ನ ತೀರ್ಮಾನಗಳನ್ನು ಕೋರ್ಟಿನಲ್ಲಿ ಪ್ರಶ್ನಿಸುವುದಿಲ್ಲ ಎಂಬ ಕರಾರಿಗೆ ಸಹಿ ಹಾಕಿ ಎಂದು ವಿಶ್ವವಿದ್ಯಾಲಯಗಳಿಗೆ ಕಳಿಸಿದಾಗ ಟೆಕ್ಸಾಸ್‌ನ ಅಟಾರ್ನಿ ಜನರಲ್ ತಮ್ಮ ರಾಜ್ಯದವರಿಗೆ ಸಹಿ ಹಾಕಬೇಡಿ ಎಂದರು. ವಿಶ್ವವಿದ್ಯಾಲಯಗಳೇ ನಂಬಿ ಸಹಿ ಹಾಕದ ವ್ಯವಸ್ಥೆಗೆ ಆಟಗಾರರು ತಲೆಬಾಗಬೇಕೆಂದು ಕಾನೂನು ಮಾಡುವುದು ನ್ಯಾಯವಲ್ಲ.

ನ್ಯಾಯಾಲಯಗಳಲ್ಲಿ ಎನ್‌ಸಿಎಎ ಸೋಲುತ್ತ ಬಂದದ್ದು ಆಕಸ್ಮಿಕವಲ್ಲ. 1984ರಲ್ಲಿ ಟಿವಿ ಪ್ರಸಾರದ ಮೇಲಿನ ಅದರ ಹಿಡಿತವನ್ನು ಸುಪ್ರೀಂ ಕೋರ್ಟ್ ಮುರಿಯಿತು. ಆ ದಾವೆ ಹೂಡಿದ್ದು ಒಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳೇ. ಮುಕ್ತ ಮಾರುಕಟ್ಟೆ ಬೇಕೆಂದು ಅಂದು ವಾದಿಸಿ ಗೆದ್ದ ಫಲವೇ ಇಂದು ಬಿಗ್ ಟೆನ್ ಕಾನ್ಫರೆನ್ಸ್ ಫಾಕ್ಸ್, ಸಿಬಿಎಸ್, ಎನ್‌ಬಿಸಿಗಳ ಜೊತೆ ಏಳು ವರ್ಷಕ್ಕೆ ಮಾಡಿಕೊಂಡಿರುವ 700 ಕೋಟಿ ಡಾಲರ್‌ಗೂ ಮಿಕ್ಕಿದ ಒಪ್ಪಂದ. 2021ರ ಜೂನ್‌ನಲ್ಲಿ ಆಲ್‌ಸ್ಟನ್ ಪ್ರಕರಣದಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಆಟಗಾರರ ಪರ ನಿಂತರು. ಎನ್‌ಸಿಎಎ ಕಾನೂನಿಗಿಂತ ಮೇಲಲ್ಲ ಎಂದು ನ್ಯಾಯಮೂರ್ತಿ ಕ್ಯಾವನಾ ಬರೆದರು. ವಿಶ್ವವಿದ್ಯಾಲಯಗಳಿಗೆ ಒಗ್ಗಿದ ಮುಕ್ತ ಮಾರುಕಟ್ಟೆ ಆಟಗಾರರಿಗೆ ಯಾಕೆ ಬೇಡ ಎಂಬುದಕ್ಕೆ ಈವರೆಗೆ ಒಪ್ಪುವಂಥ ಉತ್ತರ ಬಂದಿಲ್ಲ.

ಗಾಯದ ವಿಷಯ. 1955ರಲ್ಲಿ ಕೊಲೊರಾಡೊದ ಫೋರ್ಟ್ ಲೂಯಿಸ್ ಕಾಲೇಜಿನ ಪರ ಆಡುತ್ತಿದ್ದ ರೇ ಡೆನಿಸನ್ ತಲೆಗೆ ಪೆಟ್ಟು ಬಿದ್ದು ತೀರಿಕೊಂಡರು. ಹೆಂಡತಿ ಕಾರ್ಮಿಕ ಪರಿಹಾರ ಕೇಳಿದಾಗ, ಕಾಲೇಜು ಫುಟ್‌ಬಾಲ್ ವ್ಯವಹಾರ ನಡೆಸುತ್ತಿಲ್ಲ ಎಂದು 1957ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಇಂದು ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್ ಒಂದರ ಪ್ರಸಾರಕ್ಕೇ ಇಎಸ್‌ಪಿಎನ್ ಟಿವಿ 2026ರಿಂದ ವರ್ಷಕ್ಕೆ ಸುಮಾರು 130 ಕೋಟಿ ಡಾಲರ್ ಕೊಡುತ್ತದೆ, ಆದರೂ ಆಟಗಾರನಿಗೆ ಕಾರ್ಮಿಕ ಪರಿಹಾರದ ಹಕ್ಕಿಲ್ಲ. 2024ರ ಆಗಸ್ಟ್‌ನಿಂದ ಎನ್‌ಸಿಎಎಯ ಮೇಲಿನ ಹಂತವಾದ ಡಿವಿಷನ್ 1 ವಿಶ್ವವಿದ್ಯಾಲಯಗಳು ಆಟ ಮುಗಿದ ಮೇಲೂ ಎರಡು ವರ್ಷ ಗಾಯದ ಚಿಕಿತ್ಸೆ ನೋಡಿಕೊಳ್ಳಬೇಕೆಂಬ ನಿಯಮ ಬಂದದ್ದು ಸ್ವಾಗತಾರ್ಹ. ಆದರೆ ಮಂಡಿಯ ಮೃದ್ವಸ್ಥಿ ಸವೆದು ನೋವು ಕಾಣಿಸಿಕೊಳ್ಳುವುದು ಮೂವತ್ತರ ಮೇಲೆ. ಪದೇ ಪದೇ ತಲೆಗೆ ಬಿದ್ದ ಪೆಟ್ಟಿನ ಪರಿಣಾಮ ತೋರುವುದು ಇನ್ನೂ ತಡವಾಗಿ. ಎರಡು ವರ್ಷದಲ್ಲಿ ಅದು ಯಾವುದೂ ಸಿಗುವುದಿಲ್ಲ. ಪ್ಲೇಆಫ್ ಹಣದ ಒಂದು ಪಾಲನ್ನು ಹಂಚುವ ಮೊದಲೇ ತೆಗೆದು ದೀರ್ಘಕಾಲದ ಚಿಕಿತ್ಸಾ ನಿಧಿಗೆ ಹಾಕುವಂತೆ ಮಾಡಿ. ಈಗ ಆ ಹಣದಲ್ಲಿ ಬಿಗ್ ಟೆನ್ ಮತ್ತು ಎಸ್‌ಇಸಿ ಎಂಬ ಎರಡು ದೊಡ್ಡ ಕಾನ್ಫರೆನ್ಸ್‌ಗಳು ತಲಾ ಶೇ. 29ರಷ್ಟು ತೆಗೆದುಕೊಳ್ಳುತ್ತವೆ, ಅದೇ ಮಟ್ಟದಲ್ಲಿ ಆಡುವ ಸಣ್ಣ ಕಾನ್ಫರೆನ್ಸ್‌ಗಳಿಗೆ ಒಟ್ಟು ಸೇರಿ ಸಿಗುವುದು ಸುಮಾರು ಶೇ. 9.

ಹಾಗಾದರೆ ಸಣ್ಣ ಕಡೆಯವರು ಆಟಗಾರರಿಗೆ ಎಲ್ಲಿಂದ ಕೊಡುತ್ತಾರೆ? ಅಲ್ಲಿ ಕ್ರೀಡಾ ಬಜೆಟ್‌ನ ದೊಡ್ಡ ಭಾಗವೇ ವಿದ್ಯಾರ್ಥಿ ಶುಲ್ಕ ಮತ್ತು ವಿಶ್ವವಿದ್ಯಾಲಯದ ಸಾಮಾನ್ಯ ನಿಧಿಯಿಂದ ಬರುತ್ತದೆ. ದೊಡ್ಡವರೂ ಅದೇ ದಾರಿ ಹಿಡಿದಿದ್ದಾರೆ: ಕ್ಲೆಮ್ಸನ್ 2025ರಿಂದ ಪ್ರತಿ ಸೆಮಿಸ್ಟರ್‌ಗೆ 150 ಡಾಲರ್ ಕ್ರೀಡಾ ಶುಲ್ಕ ಹಾಕಿತು, ಟೆನೆಸ್ಸಿ ಫುಟ್‌ಬಾಲ್ ಸೀಸನ್ ಟಿಕೆಟ್ ಮೇಲೆ ಶೇ. 10 ಸೇರಿಸಿತು. ಟಿಕೆಟ್ ಕೊಳ್ಳುವವನು ಬೇಡವೆಂದರೆ ಬಿಡಬಹುದು. ಜೀವಶಾಸ್ತ್ರ ಓದಲು ಬಂದು ಸಾಲ ಮಾಡಿ ಶುಲ್ಕ ಕಟ್ಟುವ ವಿದ್ಯಾರ್ಥಿನಿಗೆ ಆ ಆಯ್ಕೆಯಿಲ್ಲ. ಆಟಗಾರರ ಪಾಲು ಆಟದ ಗಳಿಕೆಯಿಂದಲೇ ಬರಬೇಕು, ಕಡ್ಡಾಯ ಶುಲ್ಕದಿಂದ ಒಂದು ಡಾಲರ್ ಕೂಡ ಬರಬಾರದು ಎಂದು ಕಾನೂನಿನಲ್ಲೇ ಬರೆಯಿರಿ.

ಮಹಿಳಾ ಆಟಗಾರರ ವಿಷಯದಲ್ಲಿ ಸರ್ಕಾರವೇ ಗೊಂದಲ ಮಾಡಿದೆ. ಈ ಹಣಕ್ಕೂ ಶಿಕ್ಷಣದಲ್ಲಿ ಲಿಂಗ ತಾರತಮ್ಯ ತಡೆಯುವ 1972ರ ಟೈಟಲ್ 9 ಕಾನೂನು ಅನ್ವಯಿಸುತ್ತದೆ ಎಂದು ಶಿಕ್ಷಣ ಇಲಾಖೆ 2025ರ ಜನವರಿಯಲ್ಲಿ ಹೇಳಿತು, ಫೆಬ್ರವರಿಯಲ್ಲಿ ಹೊಸ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಹೌಸ್ ರಾಜಿಯಡಿ ಹಳೆಯ ಆಟಗಾರರಿಗೆ ಸಿಗಬೇಕಿದ್ದ ಸುಮಾರು 280 ಕೋಟಿ ಡಾಲರ್ ಪರಿಹಾರದಲ್ಲಿ ಬಹುಪಾಲು ಫುಟ್‌ಬಾಲ್ ಮತ್ತು ಪುರುಷರ ಬ್ಯಾಸ್ಕೆಟ್‌ಬಾಲ್‌ಗೆ ಹೋಗುವುದನ್ನು ಪ್ರಶ್ನಿಸಿ ಎಂಟು ಮಹಿಳೆಯರು ಮೇಲ್ಮನವಿ ಹಾಕಿದ್ದರಿಂದ ಆ ಪಾವತಿ ತಡೆಯಾಯಿತು. ನಿಯಮವನ್ನು ಸ್ಪಷ್ಟವಾಗಿ ಬರೆಯದಿದ್ದರೆ ಮುಂದಿನ ಹಂಚಿಕೆಗಳೂ ಹೀಗೆಯೇ ಕೋರ್ಟಿನಲ್ಲಿ ಕೊಳೆಯುತ್ತವೆ.

ಚೌಕಾಸಿ ಎಂದರೆ ನೌಕರಿ, ನೌಕರಿ ಎಂದರೆ ಸಣ್ಣ ಕ್ರೀಡೆಗಳ ಅಂತ್ಯ ಎಂಬ ಹೆದರಿಕೆ ನಿಮ್ಮ ಮುಂದೆ ಬರುತ್ತದೆ. ಕಾನೂನಿನ ತೊಡಕು ನಿಜ. ಖಾಸಗಿ ವಿಶ್ವವಿದ್ಯಾಲಯಗಳಿಗೆ ರಾಷ್ಟ್ರೀಯ ಕಾರ್ಮಿಕ ಸಂಬಂಧ ಕಾಯ್ದೆ ಅನ್ವಯಿಸುತ್ತದೆ, ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಆಯಾ ರಾಜ್ಯದ ಕಾನೂನು. ನಾರ್ತ್ ಕ್ಯಾರೊಲಿನಾದಂಥ ರಾಜ್ಯದಲ್ಲಿ ಸರ್ಕಾರಿ ನೌಕರರ ಯೂನಿಯನ್ ಜೊತೆ ಒಪ್ಪಂದವನ್ನೇ ನಿಷೇಧಿಸಲಾಗಿದೆ. ನಾರ್ತ್‌ವೆಸ್ಟರ್ನ್ ಎಂಬ ಖಾಸಗಿ ವಿಶ್ವವಿದ್ಯಾಲಯದ ಆಟಗಾರರ ಯೂನಿಯನ್ ಅರ್ಜಿಯನ್ನು 2015ರಲ್ಲಿ ಕಾರ್ಮಿಕ ಮಂಡಳಿ ಕೈಬಿಟ್ಟದ್ದೂ ಬಹುಮಟ್ಟಿಗೆ ಈ ಕಾರಣಕ್ಕೇ: ಅವರ ಕಾನ್ಫರೆನ್ಸ್‌ನಲ್ಲಿ ಆಗ ಉಳಿದವರೆಲ್ಲ ಸರ್ಕಾರಿ ವಿಶ್ವವಿದ್ಯಾಲಯಗಳು. ಈ ಗಂಟನ್ನು ಬಿಡಿಸಬಲ್ಲವರು ನೀವೊಬ್ಬರೇ. ನೌಕರರು ಹೌದೋ ಅಲ್ಲವೋ ಎಂಬ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, ಅತಿ ಹೆಚ್ಚು ಗಳಿಕೆಯ ಕಾನ್ಫರೆನ್ಸ್‌ಗಳ ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಆಟಗಾರರು ಕಾನ್ಫರೆನ್ಸ್ ಮಟ್ಟದಲ್ಲಿ ತಮ್ಮ ಪ್ರತಿನಿಧಿಗಳನ್ನು ಗುಪ್ತ ಮತದಾನದಲ್ಲಿ ಆರಿಸಿ ಚೌಕಾಸಿ ಮಾಡಬಹುದು ಎಂಬ ಪ್ರತ್ಯೇಕ ಕಾಯ್ದೆ ತರಬಹುದು. ಈಜು, ಕುಸ್ತಿ, ರೋಯಿಂಗ್ ತಂಡಗಳಿಗೆ ಇದರಿಂದ ಭಾರ ಬೀಳುವುದಿಲ್ಲ. ಒಪ್ಪಂದವಾದ ದಿನದಿಂದ ಅದರಲ್ಲಿರುವ ಮಿತಿಗೆ ವಿನಾಯಿತಿ ಅನ್ವಯಿಸಲಿ, ಒಪ್ಪಂದದ ಅವಧಿ ಮುಗಿದಾಗ ವಿನಾಯಿತಿಯೂ ಮುಗಿಯಲಿ.

ಇಷ್ಟಕ್ಕೆ ಕಾಲ ಹಿಡಿಯುತ್ತದೆ ಎಂಬುದು ನಮಗೆ ಗೊತ್ತು. ಈ ವರ್ಷವೇ ಆಗಬಹುದಾದ ಒಂದು ಕೆಲಸವಿದೆ. ಯಾರಿಗೆ ಎಷ್ಟು ಹೋಗುತ್ತಿದೆ ಎಂಬುದನ್ನು ಹಲವು ಸರ್ಕಾರಿ ವಿಶ್ವವಿದ್ಯಾಲಯಗಳು ಮುಚ್ಚಿಡುತ್ತಿವೆ. 1994ರ ಕ್ರೀಡಾ ಸಮಾನತೆ ಮಾಹಿತಿ ಕಾಯ್ದೆಯಡಿ ಪ್ರತಿ ವಿಶ್ವವಿದ್ಯಾಲಯವೂ ವರ್ಷಕ್ಕೊಮ್ಮೆ, ಅಕ್ಟೋಬರ್ 15ರೊಳಗೆ, ಕ್ರೀಡಾ ಆದಾಯ, ವೆಚ್ಚ, ಕೋಚ್ ಸಂಬಳ, ಸ್ಕಾಲರ್‌ಶಿಪ್‌ಗಳ ವಿವರವನ್ನು ಸಾರ್ವಜನಿಕರಿಗೆ ಕೊಡಲೇಬೇಕು. ಆ ನಮೂನೆಗೆ ನಾಲ್ಕು ಸಾಲು ಸೇರಿಸಿ: ಪ್ರತಿ ಕ್ರೀಡೆಯಲ್ಲಿ ಆಟಗಾರರಿಗೆ ಕೊಟ್ಟ ಒಟ್ಟು ಪಾಲು, ಅದನ್ನು ಪಡೆದ ಪುರುಷರು ಮತ್ತು ಮಹಿಳೆಯರ ಸಂಖ್ಯೆ, ನಡುಮಟ್ಟದ ಆಟಗಾರನಿಗೆ ಸಿಕ್ಕ ಮೊತ್ತ, ಆ ಹಣದಲ್ಲಿ ವಿದ್ಯಾರ್ಥಿ ಶುಲ್ಕದಿಂದ ಬಂದದ್ದೆಷ್ಟು. ಯಾವ ಆಟಗಾರನ ಹೆಸರೂ ಬೇಕಿಲ್ಲ.

ಇತಿ,
ಅಮೆರಿಕದ ಕಾಲೇಜು ಫುಟ್‌ಬಾಲ್ ಅನ್ನು ಬಲ್ಲ ಕನ್ನಡಿಗರು